ಹಳೆಯ ಮೋಟಾರ್ ಸೈಕಲ್ಲಿನ ಒಡೆದ ಮೈ



ಹಳೆಯ ಮೋಟಾರ್ ಸೈಕಲ್ಲೊಂದನ್ನು ಆಸೆಪಟ್ಟು ಮನೆಗೆ ತಂದವನು ಮೊದಲು ಅದರ ಎಂಜಿನ್ನಿನ ಯೋಗಕ್ಷೇಮವನ್ನು ವಿಚಾರಿಸುತ್ತಾನೆ. ಪಿಸ್ಟನ್ನು, ಬೇರಿಂಗು, ಕಾರ್ಬ್ಯುರೇಟರುಗಳಿಗಾಗಿ ಊರೂರು ಅಲೆಯಲೂ ಹಣವನ್ನು ಧಾರಾಳವಾಗಿ ವ್ಯಯಮಾಡಲೂ ಸಿದ್ಧನಾಗುತ್ತಾನೆ. ಅದೇ ಗಾಡಿಯ ಮಡ್ಗಾರ್ಡು ಸೀಳಿದ್ದರೆ, ಪಕ್ಕದ ಮುಚ್ಚಳದ ಗೂಟ ಮುರಿದಿದ್ದರೆ, ಟೂಲ್ ಬಾಕ್ಸಿನ ತಳ ತುಕ್ಕಿಗೆ ಆಹುತಿಯಾಗಿದ್ದರೆ, ಅವನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿ, ಅಂಗಡಿಯಲ್ಲಿ ದೊರೆಯುವ ನಕಲು ಭಾಗಗಳನ್ನು ತಂದು ಜೋಡಿಸಿಬಿಡುತ್ತಾನೆ. ಎಂಜಿನ್ನಿಗೆ ಸಲ್ಲುವ ಆದರ ತಗಡಿಗೆ ಸಲ್ಲುವುದಿಲ್ಲ. ಇದು ಸರಿಯಲ್ಲವೆಂದೂ, ಒಡೆದ ಮೈಯನ್ನು ಮನೆಯಲ್ಲಿಯೇ, ಅಲ್ಪ ವೆಚ್ಚದಲ್ಲಿ, ಯಾರು ಬೇಕಾದರೂ ತಾಳ್ಮೆಯಿಂದ ಕೂಡಿಸಬಹುದೆಂದೂ ತಮ್ಮಲ್ಲಿ ನಿವೇದಿಸಿಕೊಳ್ಳುವುದು ಈ ಭಾಷಣದ ಉದ್ದೇಶ.

ಕನ್ನಡನಾಡಿನವರಾದ ನಮಗೆ ಈ ವಿಷಯ ದೂರದ್ದಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಎಂಜಿನಿಯರು ಹುಟ್ಟುಹಾಕಿದ ಜಾವಾ ಗಾಡಿ, 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರನ್ನು ಧರಿಸಿ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅದು ನಮ್ಮ ಊರುಗಳ ರಸ್ತೆಗಳಿಗೆ ಇಳಿಯುತ್ತಲೇ ಇತ್ತು. ಆ ಗಾಡಿಯ ಮೈಯೆಲ್ಲ ಉಕ್ಕಿನ ತಗಡು: ಚಕ್ರವನ್ನು ಆಳವಾಗಿ ಆವರಿಸುವ ಮಡ್ಗಾರ್ಡು, ಆಸನದ ಕೆಳಗೆ ಎರಡು ಮಗ್ಗುಲಲ್ಲೂ ದುಂಡಗೆ ಬಾಗಿದ ಪೆಟ್ಟಿಗೆಗಳು, ಮುಂದೀಪವನ್ನೂ ಮುಂಗವೆಯನ್ನೂ ಒಂದುಗೂಡಿಸುವ ಹೊದಿಕೆ, ಮಗ್ಗುಲಿಗೆ ರಬ್ಬರಿನ ಮೊಣಕಾಲೊತ್ತು ಇರುವ ಪೆಟ್ರೋಲು ಟ್ಯಾಂಕು. ಇದರ ಮುಂದಿನ ತಲೆಮಾರಿನ ಗಾಡಿ, 1985ರಲ್ಲಿ ನಮ್ಮ ದೇಶಕ್ಕೆ ಬಂದ ಯಮಹಾ ಆರ್‌ಎಕ್ಸ್ 100. ಅದರ ಪಕ್ಕದ ಮುಚ್ಚಳಗಳು ಪ್ಲಾಸ್ಟಿಕ್ಕಿನವು. ಉಕ್ಕು ಒಡೆಯುವ ರೀತಿಯೇ ಬೇರೆ, ಪ್ಲಾಸ್ಟಿಕ್ಕು ಒಡೆಯುವ ರೀತಿಯೇ ಬೇರೆ. ಆದುದರಿಂದ ಈ ಎರಡು ಗಾಡಿಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾತನಾಡಿದರೆ ಹಳೆಯ ಗಾಡಿಗಳ ಮೈಯ ಕಾಯಿಲೆಗಳಲ್ಲಿ ಮುಕ್ಕಾಲುಪಾಲನ್ನು ಹೇಳಿದಂತಾಗುತ್ತದೆ.

ಮೂಲದ ತಗಡನ್ನೇ ಉಳಿಸಿಕೊಳ್ಳಬೇಕೆಂಬುದಕ್ಕೆ ಭಾವನೆಯೊಂದೇ ಕಾರಣವಲ್ಲ. ಈಗ ಅಂಗಡಿಗಳಲ್ಲಿ ಸಿಕ್ಕುವ ನಕಲು ಮಡ್ಗಾರ್ಡುಗಳು ಅನೇಕ ವೇಳೆ ತೆಳುವಾದ ತಗಡಿನಿಂದಾದವು. ಬಾಗಿನ ರೇಖೆ ಮೂಲದ್ದಕ್ಕೆ ಹೊಂದುವುದಿಲ್ಲ. ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ ಎಳೆದು ಕೂರಿಸಬೇಕಾಗುತ್ತದೆ, ಹಾಗೆ ಎಳೆದು ಕೂರಿಸಿದ ತಗಡು ಬಹುಬೇಗ ಸೀಳುತ್ತದೆ. ಜೊತೆಗೆ ಕಾನೂನಿನ ಮಾತೂ ಉಂಟು. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಆದರೆ ಆ ವಾಹನ ಮೂಲರೂಪದಲ್ಲಿಯೇ ಉಳಿದಿರಬೇಕು, ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ಕಾರ್ಖಾನೆಯ ಅಚ್ಚಿನಿಂದ ಹೊರಬಂದ ತಗಡು, ಅದಕ್ಕೆ ಎಷ್ಟೇ ತೇಪೆಗಳಿರಲಿ, ಈ ದೃಷ್ಟಿಯಿಂದಲೂ ಬೆಲೆಯುಳ್ಳದ್ದು.

ದುರಸ್ತಿಗೆ ಕೈಹಾಕುವ ಮುನ್ನ ಒಡೆದ ಭಾಗವನ್ನು ಬೆಳಕಿನಲ್ಲಿ ಹಿಡಿದು, ಅದು ಏಕೆ ಒಡೆಯಿತೆಂಬುದನ್ನು ಕಂಡುಕೊಳ್ಳಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಅಗ್ಗದ ದುರಸ್ತಿ ನಿಲ್ಲುವುದೂ ನಿಲ್ಲದೆ ಹೋಗುವುದೂ ಇದನ್ನೇ ಅವಲಂಬಿಸಿದೆ, ಅಂಟಿನ ಬೆಲೆಯನ್ನಲ್ಲ. ಜಾವಾ ಗಾಡಿಯ ಹಿಂದಿನ ಮಡ್ಗಾರ್ಡು ಸಾಮಾನ್ಯವಾಗಿ ಸೀಳುವುದು ನಡುವಿನಲ್ಲಲ್ಲ, ಅದನ್ನು ಆತುಹಿಡಿಯುವ ಕಂಬಿಯ ಬೋಲ್ಟು ಕೂರುವ ತೂತಿನ ಅಂಚಿನಿಂದ. ಟೂ ಸ್ಟ್ರೋಕ್ ಎಂಜಿನ್ನಿನ ಕಂಪನ ನಿರಂತರವಾಗಿ ತಗಡಿನ ಮೂಲಕ ಹರಿದು, ತಗಡು ಗಟ್ಟಿಯಾಗಿ ಹಿಡಿಸಲ್ಪಟ್ಟಿರುವ ಎಡೆಯಲ್ಲಿ ಸಂಚಯವಾಗುತ್ತದೆ. ಬೋಲ್ಟು ಸಡಿಲವಾಗಿದ್ದರಂತೂ ತಗಡು ಕ್ಷಣಕ್ಷಣಕ್ಕೂ ಅತ್ತಿತ್ತ ಬಾಗಿ ಬಳಲುತ್ತದೆ. ಕಡೆಗೊಂದು ದಿನ ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಹುಟ್ಟಿ, ನಿಧಾನವಾಗಿ ಮುಂದುವರಿಯುತ್ತದೆ. ಈಗ ಈ ಸೀಳನ್ನು ಬೆಸೆದುಬಿಟ್ಟರೆ ಸಾಕೆ? ಸಡಿಲಬೋಲ್ಟು ಹಾಗೆಯೇ ಇದ್ದರೆ, ಬೆಸೆದ ಜಾಗದ ಪಕ್ಕದಲ್ಲಿಯೇ ತಗಡು ಮತ್ತೆ ಸೀಳುತ್ತದೆ. ಆಗ ದೋಷವನ್ನು ಬೆಸೆದವನ ತಲೆಗೆ ಕಟ್ಟುವುದು ಲೋಕರೂಢಿ.

ಕಾರಣ ತಿಳಿದ ಮೇಲೆ ಮೈಯನ್ನು ತೊಳೆಯುವುದು. ಮೊದಲು ಗ್ರೀಸು, ಮಣ್ಣು, ಎಣ್ಣೆಗಳನ್ನು ಸೀಮೆಎಣ್ಣೆಯಿಂದಲೋ ಡೀಸೆಲ್ಲಿನಿಂದಲೋ ತೆಗೆದು, ಬಳಿಕ ಸಾಬೂನಿನ ನೀರಿನಲ್ಲಿ ಉಜ್ಜಬೇಕು. ತುಕ್ಕಿಗೆ ನಮ್ಮ ದಿನಸಿ ಅಂಗಡಿಯಲ್ಲಿಯೇ ಸಿದ್ಧೌಷಧವಿದೆ: ನಿಂಬೆ ಉಪ್ಪು. ಒಂದು ಲೀಟರು ಬೆಚ್ಚನೆಯ ನೀರಿಗೆ ಸುಮಾರು 50 ಗ್ರಾಂ ನಿಂಬೆ ಉಪ್ಪನ್ನು ಕರಗಿಸಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ತಗಡನ್ನು ಪೂರ್ತಿಯಾಗಿ ಮುಳುಗಿಸಿ ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ತುಕ್ಕು ಕರಿಯ ಕೆಸರಾಗಿ ಬ್ರಷ್ಷಿನ ಮುಂದೆ ಕಳಚಿ ಬರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬಿಡುವುದು ಬೇಡ. ತುಕ್ಕು ತೀರಿದ ಮೇಲೆ ಆಮ್ಲ ಉಕ್ಕನ್ನೇ ತಿನ್ನತೊಡಗುತ್ತದೆ. ಸ್ಪ್ರಿಂಗುಗಳನ್ನು ಈ ನೀರಿನಲ್ಲಿ ನೆನೆಹಾಕಬಾರದು, ಅವು ಪೆಡಸಾಗಿ ಮುರಿಯುವ ಸಂಭವವಿದೆ. ಹೊರತೆಗೆದ ಒಡನೆಯೇ ಅಡಿಗೆ ಸೋಡ ಬೆರೆಸಿದ ನೀರಿನಲ್ಲಿ ಅದ್ದಿ, ಶುದ್ಧವಾದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ತುಕ್ಕು ಹಿಡಿಯಲು ಕಾಲಾವಕಾಶ ಕೊಡದೆ ಕೆಲಸವನ್ನು ಮುಂದುವರಿಸಬೇಕು. ಹಳೆಯ ಬಣ್ಣವನ್ನು ಕೆರೆಯುವುದಾದರೆ ನೀರಿಲ್ಲದೆ ಒಣದಾಗಿ ಉಜ್ಜಬೇಡಿ. ಆ ಕಾಲದ ಬಣ್ಣಗಳಲ್ಲಿ ಸೀಸದ ಅಂಶವಿರುತ್ತಿತ್ತು, ಅದರ ಧೂಳು ಶ್ವಾಸಕ್ಕೆ, ವಿಶೇಷವಾಗಿ ಮನೆಯ ಮಕ್ಕಳಿಗೆ, ವಿಷ. ನೀರು ಹಾಕಿಕೊಂಡು ಉಜ್ಜಿ, ಆ ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಸೀಳಿನ ವಿಷಯಕ್ಕೆ ಬರೋಣ. ಸೀಳಿನ ತುದಿ ಎಲ್ಲಿದೆಯೆಂದು ಭೂತಗನ್ನಡಿಯಿಂದ ನೋಡಿ, ಆ ತುದಿಯಲ್ಲಿ ಸುಮಾರು 3 ಮಿಲಿಮೀಟರು ವ್ಯಾಸದ ದುಂಡು ತೂತನ್ನು ಬೈರಿಗೆಯಿಂದ ಕೊರೆಯಬೇಕು. ಒಡೆದ ತಗಡಿಗೆ ಇನ್ನೊಂದು ತೂತು ಮಾಡುವುದೆ ಎಂದು ಹೊಸಬರು ಹಿಂಜರಿಯುತ್ತಾರೆ. ಆದರೆ ಬಿರುಕು ಮುಂದಕ್ಕೆ ಹೋಗುವುದು ಅದರ ತುದಿ ಅತಿ ಚೂಪಾಗಿದ್ದು, ತಗಡಿನ ಮೇಲಿನ ಎಳೆತವೆಲ್ಲ ಆ ಒಂದು ಬಿಂದುವಿನಲ್ಲಿ ಕೇಂದ್ರೀಕೃತವಾಗುವುದರಿಂದ. ಚೂಪನ್ನು ದುಂಡಾಗಿಸಿದರೆ ಎಳೆತ ಸುತ್ತಲೂ ಹಂಚಿಹೋಗಿ ಬಿರುಕಿನ ಪಯಣ ಅಲ್ಲಿಗೆ ನಿಲ್ಲುತ್ತದೆ. ವಿಮಾನಗಳ ತಗಡಿನಲ್ಲಿಯೂ ಇದೇ ವಿಧಾನವನ್ನು ಅನುಸರಿಸುವುದುಂಟು. ತೂತು ನಿಜವಾದ ತುದಿಯಲ್ಲಿಯೇ ಬೀಳಬೇಕು. ಕೂದಲೆಳೆಯಷ್ಟು ಬಿರುಕು ತೂತನ್ನು ದಾಟಿ ಮುಂದೆ ಹೋಗಿದ್ದರೆ ಪಟ್ಟ ಶ್ರಮ ವ್ಯರ್ಥ.

ಇನ್ನು ಕೂಡಿಸುವುದು. ಊರಿನಲ್ಲಿ ಗ್ಯಾಸ್ ವೆಲ್ಡಿಂಗಿನ ಅಂಗಡಿಯಿದ್ದು, ಬಿಳಿಗಾರ ಹಾಕಿ ಹಿತ್ತಾಳೆಯ ಕಡ್ಡಿಯಿಂದ ಬೆಸೆಯಬಲ್ಲ ಹಿರಿಯರೊಬ್ಬರಿದ್ದರೆ, ತೊಳೆದು ಸಿದ್ಧಮಾಡಿದ ತಗಡನ್ನು ಅವರ ಬಳಿಗೆ ಒಯ್ಯುವುದೇ ಉತ್ತಮ; ಕೆಲಸದ ಬಹುಭಾಗ ಸಿದ್ಧತೆಯೇ ಆದುದರಿಂದ ಕೂಲಿ ಹೆಚ್ಚಾಗುವುದಿಲ್ಲ. ಹಿತ್ತಾಳೆಯ ಬೆಸುಗೆ ಉಕ್ಕನ್ನು ಕರಗಿಸದೆ ಅದಕ್ಕಿಂತ ಕಡಮೆಯ ಶಾಖದಲ್ಲಿ ಹಿಡಿಯುತ್ತದೆ. ಹೀಗಾಗಿ ತೆಳುವಾದ ಹಳೆಯ ತಗಡು ಸೊಟ್ಟಗಾಗುವುದೂ ತೂತು ಬೀಳುವುದೂ ಕಡಮೆ. ಬೆಂಕಿಯ ಸಹಾಯ ಬೇಡವೆನ್ನುವವರಿಗೆ ಇನ್ನೊಂದು ಮಾರ್ಗವಿದೆ. ಮಡ್ಗಾರ್ಡಿನ ಒಳಮೈಗೆ, ಸೀಳಿಗಿಂತ ಎಲ್ಲ ಕಡೆಯೂ ಎರಡು ಬೆರಳಗಲ ದೊಡ್ಡದಾದ, ಮಡ್ಗಾರ್ಡಿನಷ್ಟೇ ದಪ್ಪದ ಉಕ್ಕಿನ ತಗಡನ್ನು ಕತ್ತರಿಸಿ, ಮೂಲೆಗಳನ್ನು ದುಂಡಾಗಿಸಿ, ಒಳಬಾಗಿಗೆ ಸರಿಯಾಗಿ ಕೂರುವಂತೆ ತಟ್ಟಿ ಬಾಗಿಸಬೇಕು. ಎರಡು ಮೈಗಳನ್ನೂ ಒರಟು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಅಸಿಟೋನಿನಿಂದ ಒರೆಸಿ, ಬೆರಳು ತಾಕಿಸದೆ, ಎರಡು ಕೊಳವೆಗಳ ಎಪಾಕ್ಸಿ ಅಂಟನ್ನು ಸಮಪ್ರಮಾಣದಲ್ಲಿ ಬೆರೆಸಿ ಹಚ್ಚಿ, ನಾಲ್ಕಾರು ಪಾಪ್ ರಿವೆಟ್ಟುಗಳನ್ನು ಹೊಡೆದು, ಇಪ್ಪತ್ತನಾಲ್ಕು ಗಂಟೆಗಳ ಕಾಲ ಅಲುಗಿಸದೆ ಬಿಡಬೇಕು. ಅಂಟು ತಗಡುಗಳ ನಡುವೆ ಹರಡಿ ಕಂಪನವನ್ನು ಹಂಚಿಕೊಳ್ಳುತ್ತದೆ, ರಿವೆಟ್ಟು ಅಂಟು ಸುಲಿಯದಂತೆ ಕಾಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಅರ್ಧ ಕೆಲಸವೇ ಸರಿ. ತೇಪೆಯನ್ನು ಅತಿಯಾಗಿ ದಪ್ಪ ಮಾಡುವ ಆಸೆಯನ್ನು ಬಿಡಬೇಕು. ತೇಪೆ ಬಾಗದೆ ಸುತ್ತಲ ತಗಡು ಬಾಗುವಂತಾದರೆ, ತೇಪೆಯ ಅಂಚಿನುದ್ದಕ್ಕೂ ಹೊಸ ಸೀಳು ಹುಟ್ಟುತ್ತದೆ. ಗ್ಯಾಲ್ವನೈಜ್ ಮಾಡಿದ ತಗಡನ್ನು ತೇಪೆಗೆ ಬಳಸಿ ಅದನ್ನು ಬೆಸೆಯಲು ಹೋಗಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸತುವಿನ ಹೊಗೆ ಮನುಷ್ಯನಿಗೆ ಜ್ವರ ಬರಿಸುತ್ತದೆ.

ಇನ್ನು, ಪೆಟ್ಟು ಬಿದ್ದು ಕುಸಿದ ತಗಡಿನ ತಗ್ಗು ಎತ್ತುವ ಕೆಲಸವನ್ನು ಪುಸ್ತಕ ನೋಡಿ ಕಲಿಯುವುದಕ್ಕಿಂತ ಕೈ ನೋಡಿ ಕಲಿಯುವುದೇ ಮೇಲು. ಮೈಸೂರಿನ ಹಳೆಯ ಟಿಂಕರಿಂಗ್ ಅಂಗಡಿಯೊಂದರಲ್ಲಿ, ವಯಸ್ಸಾದ ಕುಶಲಿಯೊಬ್ಬರು ಮರಳು ತುಂಬಿದ ಚರ್ಮದ ಚೀಲದ ಮೇಲೆ ಜಾವಾ ಮಡ್ಗಾರ್ಡನ್ನು ಒರಗಿಸಿಕೊಂಡು ಮರದ ಕೊಡತಿಯಿಂದ ಮೃದುವಾಗಿ ತಟ್ಟುತ್ತಿದ್ದುದನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಅವರ ಪಕ್ಕದಲ್ಲಿದ್ದ ಹುಡುಗ ಉತ್ಸಾಹದಿಂದ ಕಬ್ಬಿಣದ ಸುತ್ತಿಗೆಯನ್ನು ಎತ್ತಿಕೊಂಡು ತಗ್ಗಿನ ನಟ್ಟನಡುವಿಗೆ ಗುರಿಯಿಟ್ಟಾಗ, ಅವರು ತಲೆ ಎತ್ತದೆಯೇ, ‘ನಡುವಿಗೆ ಹೊಡೀಬೇಡ ಕಣೋ ಮಗಾ, ಅಂಚಿಂದ ಬಾ’ ಎಂದರು. ‘ಅಂಚಿಂದ ಬಂದ್ರೆ ತಡ ಆಗುತ್ತಲ್ಲ ತಾತ?’ ಎಂದ ಹುಡುಗನಿಗೆ, ‘ನಡುವಿಗೆ ಹೊಡುದ್ರೆ ತಗಡು ಬೆಳೀತದೆ, ಬೆಳೆದ ತಗಡನ್ನ ಎಲ್ಲಿ ಇಡ್ತೀಯ?’ ಎಂದು ಕೇಳಿದರು. ಲೋಹಶಾಸ್ತ್ರದ ಒಂದು ತತ್ತ್ವವೇ ಆ ಪ್ರಶ್ನೆಯಲ್ಲಿದೆ. ತಗ್ಗಿನ ಸುತ್ತ ಎದ್ದಿರುವ ಏಣು ತಗ್ಗನ್ನು ಹಿಡಿದಿಟ್ಟಿರುತ್ತದೆ. ಪೆಟ್ಟು ಬಿದ್ದಾಗ ಕೊನೆಯಲ್ಲಿ ಎದ್ದ ಏಣನ್ನು ಮೊದಲು ಇಳಿಸುತ್ತಾ ಬಂದರೆ ನಡುಭಾಗ ತಾನಾಗಿಯೇ ಮೇಲೇಳುತ್ತದೆ. ನಡುವಿಗೆ ಬಲವಾಗಿ ಬಡಿದರೆ ಎರಡು ಲೋಹಗಳ ನಡುವೆ ಸಿಕ್ಕಿದ ತಗಡು ತೆಳುವಾಗಿ ವಿಸ್ತಾರಗೊಂಡು, ಒತ್ತಿದರೆ ಟಪ್ಪೆಂದು ಒಳಕ್ಕೂ ಹೊರಕ್ಕೂ ಹಾರುವ ಉಬ್ಬಾಗುತ್ತದೆ. ಅದನ್ನು ಸರಿಪಡಿಸುವುದು ಮನೆಯ ಕೆಲಸವಲ್ಲ. ಮನೆಯಲ್ಲಿ ಮಾಡುವವರಿಗೆ ಮರಳಿನ ಚೀಲ, ಮರದ ಕೊಡತಿ, ಒಳಗಿನಿಂದ ಆನಿಸಿ ಹಿಡಿಯಲು ನುಣುಪಾದ ಕಬ್ಬಿಣದ ತುಂಡು, ಇಷ್ಟು ಸಾಕು.

ಅಂಗೈಯಲ್ಲಿ ತಡವಿದಾಗ ಸಿಕ್ಕುವ ಸಣ್ಣಪುಟ್ಟ ಏರುಪೇರುಗಳಿಗೆ ಪುಟ್ಟಿ. ಪುಟ್ಟಿಯ ಪದರ 3 ಮಿಲಿಮೀಟರಿಗಿಂತ ದಪ್ಪವಾಗಬಾರದು, ತುಕ್ಕಿನ ಮೇಲೆ ಎಂದಿಗೂ ಬೀಳಬಾರದು. ಅದು ತೇವವನ್ನು ಹೀರಿಕೊಂಡು ಅಡಿಯಲ್ಲಿ ತುಕ್ಕನ್ನು ಸಾಕುತ್ತದೆ. ಹಳೆಯ ಗಾಡಿಯನ್ನು ಕೊಳ್ಳಹೊರಟವರು ಒಂದು ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿಕೊಂಡು ಹೋಗಿ ಟ್ಯಾಂಕಿನ, ಮಡ್ಗಾರ್ಡಿನ ಮೈಯ ಮೇಲೆ ಆಡಿಸಿ ನೋಡಲಿ: ಅದು ಅಂಟದೆ ಜಾರುವ ಕಡೆಯಲ್ಲೆಲ್ಲ ಬಣ್ಣದಡಿಯಲ್ಲಿ ಪುಟ್ಟಿಯ ದಪ್ಪ ಪದರವೋ ಫೈಬರಿನ ತುಂಡೋ ಅಡಗಿದೆಯೆಂದು ತಿಳಿಯಬಹುದು.

ಪೆಟ್ರೋಲು ಟ್ಯಾಂಕಿನ ವಿಷಯದಲ್ಲಿ ಮಾತ್ರ ನನ್ನ ಧ್ವನಿಯನ್ನು ಸ್ವಲ್ಪ ಏರಿಸಲು ಅಪ್ಪಣೆ ಬೇಡುತ್ತೇನೆ. ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು ಒಂದೂವರೆ ಭಾಗದಿಂದ ಏಳೂವರೆ ಭಾಗದವರೆಗೆ ಬೆರೆತಿರುವಾಗ ಒಂದು ಕಿಡಿ ಸಾಕು ಸ್ಫೋಟಕ್ಕೆ. ಪೆಟ್ರೋಲನ್ನು ಚೆಲ್ಲಿ ವಾರಗಳು ಕಳೆದರೂ ಮಡಿಕೆಗಳ ಸಂದಿನಲ್ಲಿ, ತುಕ್ಕಿನ ಪದರದಲ್ಲಿ ಅಡಗಿದ್ದ ಹನಿ ಬೆಂಕಿಯ ಕಾವಿಗೆ ಆವಿಯಾಗಿ ಹೊರಬರುತ್ತದೆ. ಆದುದರಿಂದ ಟ್ಯಾಂಕಿನ ಮೇಲೆ ಬೆಸುಗೆಯನ್ನಾಗಲಿ, ಬೆಂಕಿಯನ್ನಾಗಲಿ, ಕಿಡಿ ಹಾರಿಸುವ ಗ್ರೈಂಡರನ್ನಾಗಲಿ ಮನೆಯಲ್ಲಿ ಯಾರೂ ಪ್ರಯೋಗಿಸತಕ್ಕದ್ದಲ್ಲ. ಸೂಜಿಮೊನೆಯಷ್ಟು ತೂತಾದರೆ, ಟ್ಯಾಂಕನ್ನು ಸಾಬೂನಿನ ನೀರಿನಿಂದ ಹಲವು ಸಲ ತೊಳೆದು, ಒಳಗೆ ಹಿಡಿಯಷ್ಟು ನಟ್ಟುಗಳನ್ನು ಹಾಕಿ ಚೆನ್ನಾಗಿ ಕುಲುಕಿ, ನಿಂಬೆ ಉಪ್ಪಿನ ನೀರನ್ನು ತುಂಬಿಟ್ಟು ತುಕ್ಕು ಬಿಡಿಸಿ, ಒಣಗಿಸಿದ ಮೇಲೆ, ಹೊರಗಿನಿಂದ ಲೋಹ ಕಾಣುವಂತೆ ಉಜ್ಜಿ ಪೆಟ್ರೋಲಿಗೆ ಕರಗದ ಎಪಾಕ್ಸಿ ಮುದ್ದೆಯನ್ನು ಒತ್ತಬಹುದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲು ಬೆರೆತಿರುವುದರಿಂದ, ಹಿಂದಿನ ಕಾಲದ ಕೆಲವು ಲೇಪಗಳೂ ಅಂಟುಗಳೂ ಅದಕ್ಕೆ ಮೆತ್ತಗಾಗಿ ಸಡಿಲಗೊಳ್ಳುತ್ತವೆ. ಡಬ್ಬಿಯ ಮೇಲೆ ಎಥನಾಲನ್ನು ತಡೆಯುತ್ತದೆಂದು ಬರೆದಿರುವುದನ್ನೇ ಕೊಳ್ಳಬೇಕು. ಬೆಸೆದ ಅಂಚೇ ಬಿಟ್ಟುಕೊಂಡ ಟ್ಯಾಂಕನ್ನು, ವೆಚ್ಚವಾದರೂ ಚಿಂತೆಯಿಲ್ಲ, ಈ ಕೆಲಸದಲ್ಲಿ ಪಳಗಿದವರಿಗೇ ಒಪ್ಪಿಸಿರಿ.

ಈಗ ಪ್ಲಾಸ್ಟಿಕ್ಕು. ಅಗ್ಗದ ದುರಸ್ತಿಗೆ ಇದಕ್ಕಿಂತ ಫಲವತ್ತಾದ ಕ್ಷೇತ್ರವಿಲ್ಲ. ಇಲ್ಲಿಯೇ ಜನ ಹೆಚ್ಚಾಗಿ ಹಣ ಕಳೆದುಕೊಳ್ಳುವುದೂ ಉಂಟು, ಏಕೆಂದರೆ ಪ್ಲಾಸ್ಟಿಕ್ಕೆಲ್ಲ ಒಂದೇ ಎಂದು ಭಾವಿಸಿ ಕೈಗೆ ಸಿಕ್ಕಿದ ಅಂಟನ್ನು ಹಚ್ಚುತ್ತಾರೆ. ಆ ಕಾಲದ ಗಾಡಿಗಳ ಪಕ್ಕದ ಮುಚ್ಚಳಗಳು ಬಹುಮಟ್ಟಿಗೆ ಎಬಿಎಸ್ ಎಂಬ ಜಾತಿಯವು. ಮಕ್ಕಳು ಜೋಡಿಸಿ ಆಡುವ ಲೆಗೋ ಇಟ್ಟಿಗೆಗಳೂ ಇದೇ ಜಾತಿಗೆ ಸೇರಿದವು. ಇನ್ನು ಕೆಲವು ಭಾಗಗಳು, ಮುಖ್ಯವಾಗಿ ಬಾಗಿ ಬಳುಕುವಂಥವು, ಪಾಲಿಪ್ರೊಪಿಲೀನಿನವು. ಒಳಮೈಯಲ್ಲಿ ಅಕ್ಷರಗಳನ್ನು ಅಚ್ಚೊತ್ತಿದ್ದರೆ ಸಂದೇಹವೇ ಇಲ್ಲ; ಇಲ್ಲದಿದ್ದರೆ ಎರಡು ಪರೀಕ್ಷೆಗಳಿವೆ. ಒಡೆದ ಅಂಚಿನಿಂದ ಉಗುರಿನಷ್ಟು ಚೂರನ್ನು ಕತ್ತರಿಸಿ, ಬಣ್ಣವನ್ನು ಕೆರೆದು, ನೀರಿನ ಲೋಟಕ್ಕೆ ಹಾಕಿ ಒತ್ತಿ ಬಿಡಿ: ಮುಳುಗಿದರೆ ಎಬಿಎಸ್ ಇರಬಹುದು, ತೇಲಿದರೆ ಪಾಲಿಪ್ರೊಪಿಲೀನು. ಬಳಿಕ ಮುಚ್ಚಳದ ಒಳಮೈಯ ಕಾಣದ ಮೂಲೆಯಲ್ಲಿ ಒಂದು ಹನಿ ಅಸಿಟೋನನ್ನು ಹಾಕಿ ಕೈಗವಸು ತೊಟ್ಟು ಮುಟ್ಟಿ ನೋಡಿ: ಮೈ ಕರಗಿ ಅಂಟಂಟಾದರೆ ಎಬಿಎಸ್ ಎಂಬುದು ಬಹುಮಟ್ಟಿಗೆ ಸ್ಥಿರವಾಯಿತು. ಪಾಲಿಪ್ರೊಪಿಲೀನಿನ ಮೇಲೆ ಅಸಿಟೋನು ಯಾವ ಪರಿಣಾಮವನ್ನೂ ಮಾಡದೆ ಹಾರಿಹೋಗುತ್ತದೆ.

ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆಂಬ ಈ ಒಂದು ಗುಣವೇ ನಮಗೆ ದೊರೆತ ವರ. ಅಂಟು ಎರಡು ಅಂಚುಗಳ ನಡುವೆ ಮೂರನೆಯ ವಸ್ತುವಾಗಿ ನಿಲ್ಲುತ್ತದೆ. ಇಲ್ಲಿಯಾದರೋ ಎರಡು ಅಂಚುಗಳೂ ಕರಗಿ, ಒಂದರೊಳಗೊಂದು ಬೆರೆತು, ದ್ರಾವಕ ಹಾರಿಹೋದ ಮೇಲೆ ಒಂದೇ ಪ್ಲಾಸ್ಟಿಕ್ಕಾಗಿ ಉಳಿಯುತ್ತವೆ. ಅದಕ್ಕಾಗಿ ಎಬಿಎಸ್ ಮುದ್ದೆಯನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬೇಕು. ಗುಜರಿಯಲ್ಲಿ ಸಿಕ್ಕುವ, ಉಪಯೋಗಕ್ಕೆ ಬಾರದಂತೆ ಒಡೆದ ಅದೇ ಜಾತಿಯ ಮುಚ್ಚಳವೊಂದನ್ನು ಕೆಲವೇ ರೂಪಾಯಿಗಳಿಗೆ ತಂದು, ಬಣ್ಣವನ್ನು ಪೂರ್ತಿ ಉಜ್ಜಿ ತೆಗೆದು, ಸಣ್ಣ ಚೂರುಗಳಾಗಿ ಕತ್ತರಿಸಿ, ಬಿಗಿಯಾದ ಲೋಹದ ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಹಾಕಿ, ಚೂರುಗಳು ಮುಳುಗುವಷ್ಟು ಅಸಿಟೋನನ್ನು ಸುರಿದು ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಕಡ್ಡಿಯಿಂದ ಕಲಕಿದಾಗ ದೋಸೆ ಹಿಟ್ಟಿನ ಹದಕ್ಕೆ ಬಂದಿರಬೇಕು. ಗಟ್ಟಿಯಾಗಿದ್ದರೆ ಇನ್ನಷ್ಟು ಅಸಿಟೋನು, ನೀರಾಗಿದ್ದರೆ ಇನ್ನಷ್ಟು ಚೂರು. ಅಸಿಟೋನಿನ ಆವಿ ಅತಿ ಶೀತದಲ್ಲಿಯೂ ಬೆಂಕಿಗೆ ಹೊತ್ತಿಕೊಳ್ಳತಕ್ಕದ್ದು. ಆದ ಕಾರಣ ಈ ಕೆಲಸ ಅಡಿಗೆಮನೆಯಲ್ಲಿ ಕೂಡದು, ದೇವರ ದೀಪದ ಬಳಿಯೂ ಕೂಡದು, ಗಾಳಿಯಾಡುವ ಜಗುಲಿಯಲ್ಲಿ ನಡೆಯಲಿ. ಉಗುರುಬಣ್ಣ ತೆಗೆಯುವ ದ್ರವಗಳಲ್ಲಿ ಕೆಲವು ಅಸಿಟೋನಿಲ್ಲದವು, ಇನ್ನು ಕೆಲವು ಎಣ್ಣೆ ಬೆರೆತವು. ಬಣ್ಣದ ಅಂಗಡಿಯಲ್ಲಿಯೋ ರಾಸಾಯನಿಕಗಳ ಅಂಗಡಿಯಲ್ಲಿಯೋ ಶುದ್ಧವಾದದ್ದನ್ನೇ ಕೇಳಿ ಕೊಳ್ಳಬೇಕು.

ಸೀಳಿನ ತುದಿಯಲ್ಲಿ ಇಲ್ಲಿಯೂ ಸಣ್ಣ ತೂತು. ಆ ತತ್ತ್ವ ಉಕ್ಕಿಗೆಂತೋ ಪ್ಲಾಸ್ಟಿಕ್ಕಿಗೂ ಅಂತೆಯೆ. ಅನಂತರ ಎರಡು ಅಂಚುಗಳನ್ನೂ ಸರಿಯಾಗಿ ಕೂಡಿಸಿ, ಹೊರಮೈಗೆ ಟೇಪು ಅಂಟಿಸಿ ಹಿಡಿದು, ಒಳಮೈಯಿಂದ ಸೀಳಿನುದ್ದಕ್ಕೂ ಸಣ್ಣ ಕುಂಚದಿಂದ ಬರಿಯ ಅಸಿಟೋನನ್ನು ಹರಿಸಿದರೆ ಅದು ಸಂದಿಯೊಳಗೆ ತಾನಾಗಿ ಇಳಿದು ಅಂಚುಗಳನ್ನು ಹಿಡಿಸುತ್ತದೆ. ಇದು ಒಣಗಿದ ಮೇಲೆ ಒಳಮೈಯಲ್ಲಿ ಸೀಳಿನ ಮೇಲೆ ಮುಚ್ಚಳದ ಅರ್ಧ ದಪ್ಪದಷ್ಟು ಆಳದ ಓರೆಗಾಲುವೆಯನ್ನು ಅರದಿಂದ ತೋಡಿ, ಮುದ್ದೆಯನ್ನು ತೆಳುವಾಗಿ ತುಂಬಿ, ಚಹ ಸೋಸುವ ಜಾಲರಿಯ ಒಂದು ಪಟ್ಟಿಯನ್ನು ಅದರಲ್ಲಿ ಹುದುಗಿಸಿ, ಮೇಲೆ ಮತ್ತೊಂದು ಪದರ ಹಚ್ಚಬೇಕು. ಒಮ್ಮೆಗೇ ದಪ್ಪವಾಗಿ ಬಳಿಯುವವರು ಅವಸರಕ್ಕೆ ದಂಡ ತೆರುತ್ತಾರೆ: ದ್ರಾವಕ ಹಾರುತ್ತಾ ಹೋದಂತೆ ಮುದ್ದೆ ಕುಗ್ಗುತ್ತದೆ, ಒಳಗೆ ಗುಳ್ಳೆಗಳು ನಿಲ್ಲುತ್ತವೆ, ತೆಳುವಾದ ಮುಚ್ಚಳವಾದರೆ ಸೊಟ್ಟಗೂ ಆಗುತ್ತದೆ. ಎರಡು ಮೂರು ದಿನ ಪೂರ್ತಿ ಒಣಗಲು ಬಿಟ್ಟು, ಹೊರಮೈಯಲ್ಲಿಯೂ ತೆಳುವಾದ ಕಾಲುವೆ ತೋಡಿ ತುಂಬಿ, ಮತ್ತೆ ಒಣಗಿದ ಮೇಲೆ ಉಪ್ಪುಕಾಗದದಿಂದ 120, 220, 400 ಹೀಗೆ ಒರಟಿನಿಂದ ನುಣುಪಿಗೆ ಉಜ್ಜುತ್ತಾ ಬಂದರೆ ಸೀಳಿದ್ದ ಜಾಗ ಬೆರಳಿಗೆ ಸಿಕ್ಕುವುದಿಲ್ಲ.

ಪಕ್ಕದ ಮುಚ್ಚಳಗಳಲ್ಲಿ ಸೀಳಿಗಿಂತ ಹೆಚ್ಚಾಗಿ ಮುರಿಯುವುದು ಒಳಗಿನ ಗೂಟಗಳು. ಚಾಸಿಯ ಕಣ್ಣಿಗೆ ಕೂರಿಸಿದ ರಬ್ಬರಿನ ಬುಷ್ಷಿನೊಳಗೆ ಈ ಗೂಟ ಒತ್ತಿ ಕೂರುತ್ತದೆ. ಗೂಟ ಮುರಿದಾಗ ಎಲ್ಲರೂ ಗೂಟವನ್ನು ನೋಡುತ್ತಾರೆ, ರಬ್ಬರನ್ನು ನೋಡುವವರು ವಿರಳ. ಆದರೆ ತಪ್ಪಿತಸ್ಥ ರಬ್ಬರು. ಮೂವತ್ತು ನಾಲ್ವತ್ತು ವರ್ಷಗಳ ಎಂಜಿನ್ನಿನ ಕಾವಿಗೆ ಅದು ಕಲ್ಲಾಗಿ, ಗೂಟವನ್ನು ಸಡಿಲಿಸಿಕೊಡದೆ ಹಿಡಿದಿರುತ್ತದೆ. ಮುಚ್ಚಳವನ್ನು ಎಳೆದವನ ಕೈಗೆ ಮುಚ್ಚಳ ಬರುತ್ತದೆ, ಗೂಟ ರಬ್ಬರಿನಲ್ಲಿಯೇ ಉಳಿಯುತ್ತದೆ. ಹೊಸ ರಬ್ಬರಿನ ಬೆಲೆ ಅತ್ಯಲ್ಪ. ಅದು ದೊರೆಯದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿ ಬುಷ್ಷು ಮಾಡಿಕೊಳ್ಳಬಹುದು. ಗೂಟವನ್ನು ಕೂಡಿಸುವಾಗ ಮುರಿದ ಬುಡದ ನಡುವಿಗೂ ಗೂಟದ ನಡುವಿಗೂ ಸಣ್ಣ ತೂತು ಕೊರೆದು, ತಲೆ ಕತ್ತರಿಸಿದ ತೆಳುವಾದ ಸ್ಕ್ರೂ ಒಂದನ್ನು ಬೆನ್ನೆಲುಬಾಗಿ ಇಟ್ಟು, ಸುತ್ತಲೂ ಮುದ್ದೆಯನ್ನು ತುಂಬಬೇಕು. ಕೆಲವರು ಇಂಥಲ್ಲಿ ಫೆವಿಕ್ವಿಕ್ಕಿನಂಥ ಕ್ಷಣಾರ್ಧದ ಅಂಟನ್ನು ಹಾಕಿ ಮೇಲೆ ಅಡಿಗೆ ಸೋಡವನ್ನು ಉದುರಿಸುತ್ತಾರೆ. ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಟ್ಟಿಯಾಗಿ ಅರಕ್ಕೂ ಬೈರಿಗೆಗೂ ಒಗ್ಗುತ್ತದೆಂಬುದು ನಿಜ, ದಾರಿಯ ನಡುವೆ ಕೆಟ್ಟಾಗ ಬಹಳ ಉಪಕಾರಿಯೆಂಬುದೂ ನಿಜ. ಆದರೆ ಅದರ ಗಟ್ಟಿತನ ಪೆಡಸಾದ ಗಟ್ಟಿತನ, ಕಂಪನಕ್ಕೆ ಬಾಳಿಕೆ ಬಾರದು. ಮುಚ್ಚಳವನ್ನು ಮತ್ತೆ ಕೂರಿಸುವಾಗ ಗೂಟಕ್ಕೆ ಒಂದು ಹನಿ ಸಾಬೂನಿನ ನೀರನ್ನು ಸವರಿರಿ.

ಪಾಲಿಪ್ರೊಪಿಲೀನಿಗೆ ಸಾಮಾನ್ಯವಾದ ಯಾವ ಅಂಟೂ ಚೆನ್ನಾಗಿ ಹಿಡಿಯುವುದಿಲ್ಲ. ಅದನ್ನು ಬೆಸುಗೆಯ ಕಾವುಗೋಲಿನಿಂದ ಕರಗಿಸಿಯೇ ಕೂಡಿಸಬೇಕು, ಅದೇ ಜಾತಿಯ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಸೇರಿಸುತ್ತಾ, ಹೊಗೆಯನ್ನು ಉಸಿರಾಡದೆ. ಗಾಡಿಗೆ ಫೈಬರ್ ಮೈ ಇರುವವರು ಗಾಜಿನ ನಾರು ಮತ್ತು ರಾಳದಿಂದ ಒಳಗಿನಿಂದ ತೇಪೆ ಹಾಕಬಹುದು. ಆದರೆ ರಾಳದ ಜೊತೆಗೆ ಅಂಗಡಿಯವರು ಬೇರೆಬೇರೆಯಾಗಿ ಕೊಡುವ ಕೋಬಾಲ್ಟ್ ದ್ರವವನ್ನೂ ಗಟ್ಟಿಗೊಳಿಸುವ ಕ್ಯಾಟಲಿಸ್ಟನ್ನೂ ಎಂದಿಗೂ ನೇರವಾಗಿ ಒಂದರೊಡನೊಂದು ಬೆರೆಸಕೂಡದು, ಅವು ಸ್ಫೋಟಿಸುತ್ತವೆ. ಒಂದನ್ನು ರಾಳಕ್ಕೆ ಪೂರ್ತಿಯಾಗಿ ಕಲಸಿದ ಮೇಲೆಯೇ ಇನ್ನೊಂದು.

ಕ್ರೋಮು ಲೇಪ ಎದ್ದುಹೋಗಿದ್ದರೆ ಮನೆಯಲ್ಲಿ ಮಾಡುವಂಥದು ಏನೂ ಇಲ್ಲ. ಮೇಲೆ ತುಕ್ಕಿನ ಚುಕ್ಕೆಗಳು ಕೂತಿದ್ದರೆ ಮಾತ್ರ, ಊಟ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ, ಕ್ರೋಮಿಗಿಂತ ಮೆದುವಾದ ಆ ಲೋಹ ಗೀರು ಬೀಳಿಸದೆ ತುಕ್ಕನ್ನು ತೆಗೆಯುತ್ತದೆ. ಬಣ್ಣದ ಬಗ್ಗೆ ಎರಡೇ ಮಾತು. ಉಕ್ಕಿಗೆ ಮೊದಲು ರೆಡ್ ಆಕ್ಸೈಡ್ ಪ್ರೈಮರು, ಎಬಿಎಸ್ಸಿಗೆ ಪ್ಲಾಸ್ಟಿಕ್ ಪ್ರೈಮರು. ಎಬಿಎಸ್ಸಿನ ಮೇಲೆ ಬಣ್ಣವನ್ನು ತೋಯುವಂತೆ ಹೊಡೆದರೆ ಥಿನ್ನರು ಪ್ಲಾಸ್ಟಿಕ್ಕನ್ನೇ ಕೆರಳಿಸುತ್ತದೆ, ಆದುದರಿಂದ ತೆಳುವಾದ ಪದರಗಳು. ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಿಯು ಬಣ್ಣದ ತುಂತುರು ಶ್ವಾಸಕೋಶಗಳಿಗೆ ಬಹಳ ಕೆಟ್ಟದ್ದು; ಅದನ್ನು ತಕ್ಕ ಸಾಧನಗಳಿರುವ ಪೇಂಟರಿಗೆ ಬಿಡುವುದು ಲೇಸು.

ಆದರೆ ಬಣ್ಣಕ್ಕೆ ಅವಸರಿಸಬಾರದು. ಕೂಡಿಸಿದ ಭಾಗಗಳನ್ನು ಬರಿಯ ಪ್ರೈಮರಿನಲ್ಲಿಯೇ ಗಾಡಿಗೆ ಜೋಡಿಸಿ, ಬೋಲ್ಟಿನ ತಲೆಯಡಿಯಲ್ಲಿ ಅಗಲವಾದ ವಾಷರನ್ನೂ ತಗಡು ಮತ್ತು ಚಾಸಿಯ ನಡುವೆ ರಬ್ಬರನ್ನೂ ಇಟ್ಟು, ಕಂಬಿಗಳು ಎಳೆತವಿಲ್ಲದೆ ತಮ್ಮ ತೂತುಗಳಿಗೆ ಬಂದು ಕೂರುತ್ತವೆಯೆ ಎಂದು ನೋಡಿ ಬಿಗಿಮಾಡಿರಿ. ಬೆರಳಿನಿಂದ ಒತ್ತಿಯೋ ಸನ್ನೆಗೋಲು ಹಾಕಿಯೋ ಹೊಂದಿಸಬೇಕಾಗಿ ಬಂದರೆ ಕಂಬಿಯನ್ನು ಬಾಗಿಸಿ ಸರಿಪಡಿಸಬೇಕು, ತಗಡನ್ನಲ್ಲ. ಹೀಗೆ ಜೋಡಿಸಿದ ಗಾಡಿಯನ್ನು ಒಳ್ಳೆಯ ರಸ್ತೆಯಲ್ಲಿಯೂ ಕೆಟ್ಟ ರಸ್ತೆಯಲ್ಲಿಯೂ ನೂರು ಕಿಲೋಮೀಟರಿನಷ್ಟು ಓಡಿಸಿ, ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿದು, ತೇಪೆಯ ಅಂಚನ್ನೂ ಬೋಲ್ಟಿನ ಸುತ್ತಲನ್ನೂ ಉಗುರಿನಿಂದ ತಡವಿ ನೋಡಬೇಕು. ಪ್ರೈಮರಿನ ಮಂಕಾದ ಮೈಯ ಮೇಲೆ ಹೊಸ ಬಿರುಕಿನ ಗೆರೆ ಸ್ಪಷ್ಟವಾಗಿ ಎದ್ದುಕಾಣುತ್ತದೆ. ಕಂಡರೆ ಬಿಚ್ಚಿ, ತುದಿಯನ್ನು ಹುಡುಕಿ, ಮತ್ತೆ ತೂತು ಕೊರೆಯಿರಿ. ಕಾಣದಿದ್ದರೆ ಬಣ್ಣದ ಡಬ್ಬಿಯನ್ನು ತೆರೆಯಬಹುದು.